ಅಜ್ಜಿಯನ್ನು ತಿದ್ದಬೇಡಿ

ಮನೆಯ ಹಳೆಯ ಛಾಯಾಚಿತ್ರವೊಂದನ್ನು ಚಿತ್ರಕಾರನ ಕೈಗೆ ಕೊಟ್ಟು, ಎಣ್ಣೆಬಣ್ಣದಲ್ಲಿ ದೊಡ್ಡದಾಗಿ ಬರೆಸಿ, ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕುವ ಆಸೆ ನಮ್ಮ ನಗರದ ಮಧ್ಯಮ ವರ್ಗದವರಿಗೆ ಬಹಳ. ಒಳ್ಳೆಯ ಆಸೆಯೇ, ಚಿತ್ರಕಾರನಿಗೂ ನಾಲ್ಕು ಕಾಸು ಸಿಕ್ಕೀತು. ನನ್ನ ತಕರಾರು ಬರೆಸುವುದರ ಮೇಲಲ್ಲ, ಬರೆಸುವಾಗ ನಾವು ಹಾಕುವ ಷರತ್ತುಗಳ ಮೇಲೆ.

ಫೋಟೋ ನೋಡಿ ಬರೆದದ್ದು ಕಲೆಯೇ ಅಲ್ಲವೆಂದು ಮೂಗು ಮುರಿಯುವ ಪಂಡಿತರಿದ್ದಾರೆ. ನಾನು ಅವರ ಗುಂಪಿಗೆ ಸೇರಿದವನಲ್ಲ. ರಾಜಾ ರವಿವರ್ಮನೇ (1848–1906) ಭಾವಚಿತ್ರಗಳಿಗೆ ಛಾಯಾಚಿತ್ರದ ನೆರವು ಪಡೆದವನು. ಆದರೆ ಇಂದು ಚಿತ್ರಕಾರನ ಮುಂದೆ ಹೋಗುವ ಬೇಡಿಕೆಗಳನ್ನು ಕೇಳಿ: “ಸ್ವಲ್ಪ ಬೆಳ್ಳಗೆ ಮಾಡಿ”, “ಕೆನ್ನೆಯ ಗುಳಿ ತುಂಬಿಸಿ”, “ಕೊರಳಿಗೊಂದು ಕಾಸಿನ ಸರ ಇರಲಿ”. ಅಜ್ಜಿಯ ಚಿತ್ರ ಬೇಕೆಂದು ಹೋದವರು ಬೇರೆ ಯಾರದೋ ಅಜ್ಜಿಯನ್ನು ಮನೆಗೆ ತರುತ್ತಾರೆ.

ಬಣ್ಣದ ವಿಷಯದಲ್ಲಿ ಒಂದು ಮಾತನ್ನು ಒಪ್ಪಬೇಕು. ಛಾಯಾಚಿತ್ರವೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸ್ಟುಡಿಯೋಗಳು ಬಳಸುತ್ತಿದ್ದ ಗಾಜಿನ ಪ್ಲೇಟುಗಳು ಬಹುಮಟ್ಟಿಗೆ ಕೆಂಪನ್ನು ಗ್ರಹಿಸಲಾರದವು. ಹಣೆಯ ಕುಂಕುಮ ಕರಿಯ ಬೊಟ್ಟಾಗಿ ಬೀಳುತ್ತಿತ್ತು; ಕೆಂಪು ಸೀರೆ ಕಪ್ಪು ಸೀರೆಯಾಗುತ್ತಿತ್ತು; ಕಂದು ಮೈಬಣ್ಣ ಇದ್ದುದಕ್ಕಿಂತ ಗಾಢವಾಗಿ ಕಾಣುತ್ತಿತ್ತು. ಈ ತಪ್ಪನ್ನು ತಿದ್ದುವುದು ನ್ಯಾಯವೇ. ಆಕೆಯನ್ನು ಕಣ್ಣಾರೆ ಕಂಡವರಿದ್ದರೆ ಅವರನ್ನು ಚಿತ್ರಕಾರನ ಬಳಿ ಕೂರಿಸಿ ಮಾತಾಡಿಸಬೇಕು. ಇದು ನೆನಪಿನ ಕೆಲಸ. “ಬೆಳ್ಳಗೆ ಮಾಡಿ” ಎನ್ನುವುದು ನಾಚಿಕೆಯ ಕೆಲಸ. ಎರಡೂ ಒಂದೇ ಅಲ್ಲ.

ನಮ್ಮ ಬಂಧುಗಳ ಮನೆಯೊಂದರಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ನನ್ನ ತಂದೆಯ ಸೋದರತ್ತೆಯೊಬ್ಬರು ಹದಿನೈದು ತುಂಬುವ ಮೊದಲೇ ವಿಧವೆಯಾದವರು. ಅಂದಿನ ಪದ್ಧತಿಯಂತೆ ಅವರ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡಿಗೆಮನೆಗೆ ಕಳಿಸಿದರು. ಐವತ್ತು ವರ್ಷ ಅವರು ಆ ಮನೆಯ ಮಕ್ಕಳಿಗೆ ಬಡಿಸಿದರು, ಬಾಣಂತನ ಮಾಡಿದರು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕಂಬದ ಪಕ್ಕದಲ್ಲಿ ನಿಂತಿರುವ ಅವರ ಒಂದೇ ಒಂದು ಫೋಟೋ ಉಳಿದಿದೆ. ಮೊಮ್ಮಕ್ಕಳು ಅದನ್ನು ಕೊಟ್ಟು ಚಿತ್ರ ಬರೆಸಿದರು. ಈಗ ಗೋಡೆಯ ಮೇಲಿರುವ ಹೆಂಗಸಿಗೆ ತುಂಬುಗೂದಲಿದೆ, ಮಲ್ಲಿಗೆಯ ದಂಡೆಯಿದೆ, ಹಸಿರು ರೇಷ್ಮೆ ಸೀರೆಯಿದೆ, ಕೈತುಂಬ ಬಳೆಯಿದೆ.

“ಬದುಕಿದ್ದಾಗ ಸಿಗದ್ದು ಚಿತ್ರದಲ್ಲಾದರೂ ಸಿಗಲಿ” ಎಂದರು ಮನೆಯವರು. ಅವರ ಕರುಣೆಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಕೂದಲು ತೆಗೆಸಿದವರು ಯಾರು? ನಮ್ಮ ಮನೆಯವರೇ. ಆ ಕೂದಲನ್ನು ಇಂದು ಹಣ ಕೊಟ್ಟು ಬೆಳೆಸಿದರೆ ಆಕೆಗೇನೂ ಬರಲಿಲ್ಲ. ನಮ್ಮ ಮೇಲಿದ್ದ ಆರೋಪವೊಂದು ಅಳಿದುಹೋಯಿತು, ಅಷ್ಟೆ. ಇನ್ನು ಮೂವತ್ತು ವರ್ಷಕ್ಕೆ ಆ ಮನೆಯ ಮಗುವೊಂದು ಚಿತ್ರ ನೋಡಿ, “ನಮ್ಮಜ್ಜಿ ಎಷ್ಟು ಸುಖವಾಗಿದ್ದರು!” ಎಂದುಕೊಳ್ಳುತ್ತದೆ. ಆಕೆಗೆ ಇದಕ್ಕಿಂತ ದೊಡ್ಡ ಅನ್ಯಾಯವನ್ನು ನಾನು ಊಹಿಸಲಾರೆ.

ರಾಜಮಹಾರಾಜರ ಚಿತ್ರಗಳಲ್ಲಿಯೂ ಹೊಗಳಿಕೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಅವರಿಗೆ ಕಾಪಾಡಿಕೊಳ್ಳಲು ಸಿಂಹಾಸನವಿತ್ತು. ನಮಗಿರುವುದು ಎರಡು ಕೋಣೆಯ ಮನೆ, ನಾಲ್ಕು ಜನರ ನೆನಪು. ಆ ನೆನಪನ್ನೂ ಕೆಡಿಸಿಕೊಂಡರೆ ಉಳಿಯುವುದೇನು?

ಚಿತ್ರಕಾರನ ಕಡೆಯೂ ಒಂದು ಮಾತಿದೆ. ಮುಖ ಕಂಡವನಿಗೆ ಅದನ್ನು ಸುಳ್ಳಾಗಿ ಬರೆ ಎನ್ನುವುದು ಅವನ ಕಣ್ಣಿಗೆ ಮಾಡುವ ಅವಮಾನ. ಮೇಲಾಗಿ ಅವಸರ. ಎಣ್ಣೆಬಣ್ಣದ ಮೇಲ್ಮೈ ಒಣಗಲು ದಿನಗಳು ಬೇಕು. ಒಳಗಿನ ಪದರ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಬರುವ ಭಾನುವಾರದ ಗೃಹಪ್ರವೇಶಕ್ಕೆ ಬೇಕು ಎಂದರೆ ಅವನಾದರೂ ಏನು ಮಾಡಿಯಾನು? ಕ್ಯಾನ್‌ವಾಸಿನ ಮೇಲೆ ಕಂಪ್ಯೂಟರಿನಿಂದ ಅಚ್ಚು ಹಾಕಿಸಿ, ಮೇಲೊಂದು ಪಾರದರ್ಶಕ ಲೇಪವನ್ನು ಕುಂಚದ ಗೀರು ಕಾಣುವಂತೆ ಬಳಿದು ಕೊಡುವ ಅಂಗಡಿಗಳು ಹುಟ್ಟಿರುವುದು ನಮ್ಮ ಈ ಅವಸರದಿಂದಲೇ.

ಆದ್ದರಿಂದ ಚಿತ್ರ ಬರೆಸುವವರಲ್ಲಿ ನನ್ನ ವಿನಂತಿ ಇಷ್ಟೆ. ಫೋಟೋದ ಜೊತೆಗೆ ಮನೆಯ ಹಿರಿಯರೊಬ್ಬರನ್ನೂ ಕರೆದೊಯ್ಯಿರಿ. ಸೀರೆಯ ನಿಜವಾದ ಬಣ್ಣ ಯಾವುದು, ಆಕೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರೇ, ಯಾವ ಕೆಲಸದಿಂದ ಬೆರಳು ಸೊಟ್ಟಗಾಯಿತು, ಎಲ್ಲವನ್ನೂ ಹೇಳಿ. ಕೇಳಿದಷ್ಟು ಸಮಯ ಕೊಡಿ, ತಕ್ಕ ಹಣ ಕೊಡಿ. ಬೋಳುತಲೆಯಿದ್ದರೆ ಬೋಳುತಲೆಯನ್ನೇ ಬರೆಯಿರಿ ಎನ್ನಿ. ಮಕ್ಕಳು ಅದನ್ನು ನೋಡಿ, “ಅಜ್ಜಿಗೆ ಕೂದಲೇಕಿಲ್ಲ?” ಎಂದು ಕೇಳಲಿ. ಉತ್ತರ ಹೇಳುವಾಗ ನಮ್ಮ ನಾಲಿಗೆ ತಡವರಿಸಿದರೆ ತಡವರಿಸಲಿ.