ತಂಪು ಗಾಳಿಯ ಕೊಳವೆಯೂ ನಮ್ಮ ಮಳೆಗಾಲವೂ

ಕಾರಿನ ಇಂಜಿನಿಗೆ ತಂಪು ಗಾಳಿ ಒದಗಿಸುವ ಕೊಳವೆ ಜೋಡಿಸುವ ಹವ್ಯಾಸ ನಮ್ಮ ತರುಣರಲ್ಲಿಯೂ ಇದೆ. ‘ಕೋಲ್ಡ್ ಏರ್ ಇನ್‌ಟೇಕ್’ ಎಂದು ಅದರ ಹೆಸರು. ಕಂಪೆನಿ ಕೊಟ್ಟ ಫಿಲ್ಟರ್ ಪೆಟ್ಟಿಗೆಯನ್ನು ಕಳಚಿ, ಉದ್ದನೆಯ ಕೊಳವೆಯೊಂದರ ತುದಿಗೆ ಹೊಸ ಫಿಲ್ಟರ್ ಸಿಕ್ಕಿಸಿ, ಅದನ್ನು ಬಂಪರಿನ ಹಿಂದೆ ತಗ್ಗಿನಲ್ಲಿ ಕೂರಿಸುತ್ತಾರೆ. ಹವ್ಯಾಸಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಇಂಜಿನಿನ ಮೂಗನ್ನು ನೆಲದ ಹತ್ತಿರ ಒಯ್ಯುವುದು ಜಾಣತನವೇ ಎಂದು ಕೇಳಲೇಬೇಕಾಗಿದೆ.

ಲಾಭ ಎಷ್ಟು? ತಂಪು ಗಾಳಿ ಸಾಂದ್ರವಾಗಿರುತ್ತದೆ, ನಿಜ. ಒಳಗೆ ಹೋಗುವ ಗಾಳಿ 10 ಡಿಗ್ರಿ ತಂಪಾದರೆ ಸಾಂದ್ರತೆ ಹೆಚ್ಚುವುದು ಸುಮಾರು ಶೇಕಡಾ 3 ಮಾತ್ರ. ಅದರಲ್ಲಿಯೂ ಇಂದಿನ ಹೆಚ್ಚಿನ ಕಾರುಗಳು ಕಂಪೆನಿಯಿಂದ ಬರುವಾಗಲೇ ಮುಂಬದಿಯ ಹೊರಗಾಳಿಯನ್ನು ಎಳೆದುಕೊಳ್ಳುತ್ತವೆ. ಹಣ ತೆತ್ತು ಪಡೆಯುವುದರಲ್ಲಿ ದೊಡ್ಡ ಪಾಲು ಸದ್ದೇ ಎಂದರೆ ತರುಣರು ಸಿಟ್ಟಾಗಬಾರದು.

ನಷ್ಟದ ಲೆಕ್ಕ ಬೇರೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರು ಕುಗ್ಗುವುದಿಲ್ಲ. ನಾಲ್ಕು ಸಿಲಿಂಡರಿನ 1,200 ಸಿ.ಸಿ. ಪೆಟ್ರೋಲ್ ಇಂಜಿನನ್ನು ತೆಗೆದುಕೊಳ್ಳಿ. ಒತ್ತಡದ ಅನುಪಾತ ಹತ್ತಕ್ಕೆ ಒಂದಾಗಿದ್ದರೆ, ಪಿಸ್ಟನ್ ಮೇಲಕ್ಕೆ ಬಂದಾಗ ಅದರ ನೆತ್ತಿಯಲ್ಲಿ ಉಳಿಯುವ ಜಾಗ 33 ಸಿ.ಸಿ. ಎರಡು ಮೂರು ದೊಡ್ಡ ಚಮಚ ನೀರು ಹೊಕ್ಕರೆ ಸಾಕು, ಪಿಸ್ಟನ್ ಅಲ್ಲಿಯೇ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಓಟದ ವೇಗ ಹೆಚ್ಚಿದ್ದರೆ ಮುರಿದು ಬ್ಲಾಕನ್ನೇ ಒಡೆಯುವುದೂ ಉಂಟು. ಡೀಸೆಲ್ ಇಂಜಿನಿನಲ್ಲಿ ಆ ಜಾಗ ಇನ್ನೂ ಕಿರಿದು. ಮಳೆಯ ಹನಿ, ಚಕ್ರದ ಎರಚಲು ಸಾಮಾನ್ಯವಾಗಿ ಇಷ್ಟು ಕೆಡುಕು ಮಾಡವು. ಫಿಲ್ಟರ್ ನೀರಿನಲ್ಲಿ ಮುಳುಗಿದಾಗಲೇ ಅಪಾಯ.

ಮುಳುಗುವ ಸಂದರ್ಭ ಇಲ್ಲಿ ಅಪರೂಪವೇ? ಮಧುವಾಹಿನಿ ಉಕ್ಕಿ ಮಧೂರು ದೇವಳದ ಅಂಗಳಕ್ಕೆ ನೀರು ಬರುವುದನ್ನು ನಾವೆಲ್ಲ ಬಲ್ಲೆವು. ಹೆದ್ದಾರಿ ಅಗಲಗೊಳಿಸುವ ಕೆಲಸ ನಡೆದ ಮಳೆಗಾಲಗಳಲ್ಲಿ ಸರ್ವಿಸ್ ರಸ್ತೆಗಳೇ ತೋಡುಗಳಾದವು. ರಾತ್ರಿ ಎದೆನೋವೆಂದರೆ ನಮ್ಮಲ್ಲಿ ಹಲವರು ಮಂಗಳೂರಿಗೇ ಓಡಬೇಕು. ಮನೆಗೆ ಇರುವ ಒಂದೇ ಕಾರು, ಹಿಂದಿನ ಸೀಟಿನಲ್ಲಿ ರೋಗಿ, ಎದುರಿಗೆ ಆಳ ತಿಳಿಯದ ಕೆಂಪು ನೀರು. ಆ ಹೊತ್ತಿಗೆ ಶೇಕಡಾ 3 ಯಾವ ಉಪಕಾರಕ್ಕೂ ಬಾರದು.

ಮಾಡಿಸಲೇಬೇಕೆನ್ನುವವರು ಫಿಲ್ಟರನ್ನು ಬಾನೆಟ್ಟಿನೊಳಗೆ ಎತ್ತರದಲ್ಲಿ ಇಡಿಸಲಿ, ಇಂಜಿನಿನ ಕಾವು ತಾಗದಂತೆ ತಗಡಿನ ಮರೆ ಕಟ್ಟಿಸಲಿ. ಫಿಲ್ಟರ್ ಮುಳುಗಿದಾಗ ಮೇಲಿನಿಂದ ಗಾಳಿ ಬಿಡುವ ಬೈಪಾಸ್ ವಾಲ್ವುಗಳೂ ಇವೆ. ಟರ್ಬೊ ಇಂಜಿನಿಗೆ ಅವು ಹೊಂದುವುದಿಲ್ಲ. ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಗಿರಾಕಿಗೆ ತೋರಿಸಿಕೊಡುವುದು ಗ್ಯಾರೇಜಿನವರ ಕರ್ತವ್ಯವೆಂದೇ ನಮ್ಮ ಅಭಿಪ್ರಾಯ. ಕೊಳವೆ ಮಾರುವಾಗ ಇರುವ ಉತ್ಸಾಹ ಈ ಮಾತಿಗೂ ಇರಲಿ.

ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಕೀಲಿ ತಿರುಗಿಸಬಾರದು. ಹೆಚ್ಚಿನ ಇಂಜಿನುಗಳು ಕೆಡುವುದು ಆ ‘ಒಮ್ಮೆ ನೋಡುವ’ ಎಂಬಲ್ಲಿಯೇ. ಜನರನ್ನು ಇಳಿಸಿ, ಗಾಡಿಯನ್ನು ಎಳೆಸಿ ದಡ ಸೇರಿಸಬೇಕು. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಇಂಜಿನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಕೆಳಗೂ ಇಳಿದಿದೆಯೆಂದು ಅರ್ಥ.

ವಿಮೆಯಿದೆಯಲ್ಲ ಎಂಬ ಧೈರ್ಯವೂ ಬೇಡ. ನೀರು ಹೊಕ್ಕು ಇಂಜಿನ್ ಕೆಟ್ಟರೆ ಸಾಮಾನ್ಯ ಸಮಗ್ರ ಪಾಲಿಸಿ ಹೆಚ್ಚಾಗಿ ಹಣ ಕೊಡುವುದಿಲ್ಲ; ಅದಕ್ಕೆ ‘ಇಂಜಿನ್ ಪ್ರೊಟೆಕ್ಟ್’ ಎಂಬ ಬೇರೆ ರಕ್ಷಣೆ ಕೊಳ್ಳಬೇಕು. ಇದೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರುವುದರಿಂದ ನಮ್ಮ ಮನೆಗಳಲ್ಲಿ ಓದುವವರು ಕಡಿಮೆ. ಮಕ್ಕಳಿಂದ ಓದಿಸಿ ಕೇಳಿ. ಕೊಳವೆ ಬದಲಿಸಿದ್ದರೆ ವಿಮಾ ಕಂಪೆನಿಗೆ ಲಿಖಿತವಾಗಿ ತಿಳಿಸಿ. ಬಿಚ್ಚಿಟ್ಟ ಹಳೆಯ ಫಿಲ್ಟರ್ ಪೆಟ್ಟಿಗೆಯನ್ನು ಗುಜರಿಗೆ ಹಾಕದಿರಿ. ಮೇ ತಿಂಗಳ ಕೊನೆಗೆ ಅದನ್ನೇ ಮರಳಿ ಕೂರಿಸಿಕೊಂಡು ಆಟಿ, ಸೋಣ ಕಳೆಯುವ ತನಕ ಓಡಿಸಬಹುದು.