ಬೈಪಾಡ್ ಬೇಕೆನ್ನುವ ಸದಸ್ಯರಿಗೆ

ಗುರಿ ಹೊಡೆಯುವ ರೈಫಲ್ಲಿಗೆ ಹಾಕುವ ಎರಡು ಕಾಲಿನ ಆಸರೆಯನ್ನು, ಅಂದರೆ ಬೈಪಾಡನ್ನು, ಸಂಘದ ಮಳಿಗೆಯ ಮೂಲಕ ಒಟ್ಟಾಗಿ ತರಿಸಿಕೊಡಬೇಕೆಂದು ಕೆಲವು ಸದಸ್ಯರು ಒತ್ತಾಯಿಸುತ್ತಿದ್ದಾರೆ. ಗೊಬ್ಬರ, ಮೈಲುತುತ್ತ, ದೋಟಿ ಮಾರುವ ಮಳಿಗೆಗೆ ಇದೊಂದು ಹೊಸ ಬಾಬತ್ತು. ಈ ಬೇಡಿಕೆಗೆ ನಮ್ಮ ಒಪ್ಪಿಗೆಯಿಲ್ಲ. ಅದರ ಕಾರಣ ನಮಗೆ ಹೊಳೆದದ್ದು ಕಚೇರಿಯಲ್ಲಲ್ಲ, ಕಂಪ್ಲಿಯ ಬಾಳೆತೋಟದಲ್ಲಿ.

ಅಧ್ಯಯನ ಪ್ರವಾಸಕ್ಕೆಂದು ಹೊಸಪೇಟೆ, ಸಂಡೂರು ಸುತ್ತಿ, ಹಂಪಿಯ ವಿರೂಪಾಕ್ಷನಿಗೂ ಕೈಮುಗಿದು, ಕಂಪ್ಲಿಯ ಬಳಿ ತುಂಗಭದ್ರಾ ಕಾಲುವೆಯ ತೋಟವೊಂದಕ್ಕೆ ಹೋಗಿದ್ದೆವು. ತೋಟದ ಯಜಮಾನರಿಗೆ ಗುರಿ ಹೊಡೆಯುವ ಹವ್ಯಾಸ. ಅವರಲ್ಲಿದ್ದದ್ದು ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವ .177 ಏರ್ ರೈಫಲ್, ಪರವಾನಗಿ ಬೇಡದ ಜಾತಿ. (2016ರ ಶಸ್ತ್ರಾಸ್ತ್ರ ನಿಯಮಗಳಂತೆ ನಳಿಗೆ .177ಕ್ಕಿಂತ ದಪ್ಪವಾದರೆ ಅಥವಾ ಶಕ್ತಿ 20 ಜೂಲ್ ಮೀರಿದರೆ ಪರವಾನಗಿ ಬೇಕು.) ಹೊಸ ಬೈಪಾಡನ್ನು ನಳಿಗೆಗೇ ಕಚ್ಚಿಸಿ, ಕಲ್ಲುಚಪ್ಪಡಿಯ ಮೇಲೆ ಊರಿ, ಇಪ್ಪತ್ತು ಗಜದ ಕಾಗದಕ್ಕೆ ಐದು ಪೆಲೆಟ್ ಹೊಡೆದರು. ತೂತುಗಳು ಅಂಗೈಯಗಲ ಚೆದುರಿದವು. ನಾವೂ ಹೊಡೆದೆವು, ಇನ್ನಷ್ಟು ಚೆದುರಿದವು. ಆಮೇಲೆ ಬೈಪಾಡ್ ಬಿಚ್ಚಿದೆವು. ಭತ್ತದ ಹೊಟ್ಟು ತುಂಬಿದ ಗೋಣಿಚೀಲದ ಮೇಲೆ ಎಡ ಅಂಗೈಯಿಟ್ಟು, ಅದರ ಮೇಲೆ ರೈಫಲ್ಲನ್ನು ಸಡಿಲವಾಗಿ ಮಲಗಿಸಿ ಹೊಡೆದರು. ಐದೂ ತೂತು ಒಂದು ಹಣ್ಣಡಿಕೆಯ ಅಗಲದೊಳಗೆ ಬಂದವು.

ಇದರಲ್ಲಿ ಮಾಯವೇನಿಲ್ಲ. ಸ್ಪ್ರಿಂಗ್ ರೈಫಲ್ಲಿನೊಳಗೆ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗಿ ನಿಲ್ಲುತ್ತದೆ. ಪೆಲೆಟ್ ನಳಿಗೆ ಬಿಡುವ ಮೊದಲೇ ರೈಫಲ್ ಹಿಂದಕ್ಕೂ ಮುಂದಕ್ಕೂ ಕುಲುಕುತ್ತದೆ. ಮೆತ್ತನೆಯ ಕೈಯಲ್ಲಿ ಆ ಕುಲುಕು ಪ್ರತಿ ಸಲ ಒಂದೇ ತೆರನಾಗಿರುತ್ತದೆ; ಗಟ್ಟಿ ಕಾಲುಗಳ ಮೇಲೆ ಒಂದೊಂದು ಸಲ ಒಂದೊಂದು ತೆರ. ನಮ್ಮ ಸದಸ್ಯರಲ್ಲಿ ಹೆಚ್ಚಿನವರ ಬಳಿ ಇರುವುದು ಇದೇ ರೈಫಲ್. ಅವರಿಗೆ ಬೈಪಾಡ್ ಮಾರುವುದೆಂದರೆ ಹಣ ಕಸಿದು ಗುರಿಯನ್ನೂ ಕೆಡಿಸಿದಂತೆ.

ಪರವಾನಗಿಯ .22 ರೈಫಲ್ಲಾಗಲಿ, ಮೊದಲೇ ಗಾಳಿ ತುಂಬಿಸಿಡುವ ಏರ್ ರೈಫಲ್ಲಾಗಲಿ ಇರುವವರ ಮಾತು ಬೇರೆ. ಅವಕ್ಕೆ ಬೈಪಾಡ್ ನಿಜಕ್ಕೂ ಒಪ್ಪುತ್ತದೆ. ಮಲಗಿ ಹೊಡೆಯುವುದಾದರೆ 6ರಿಂದ 9 ಇಂಚಿನ ಗಿಡ್ಡ ಕಾಲು ಸಾಕು. ಕಾಲು ಉದ್ದವಾದಷ್ಟೂ ಅಲುಗಾಟ ಹೆಚ್ಚು. ನೆಲ ಓರೆಯಿದ್ದಾಗ ರೈಫಲ್ಲನ್ನು ನೆಟ್ಟಗೆ ತಿರುಗಿಸಿ ಬಿಗಿಯುವ ತಿರುಪು ಇರಲೇಬೇಕು. ಹಿಡಿಕೆ ಮುಂಭಾಗದ ಮರಕ್ಕೆ ಕೂರಬೇಕು, ನಳಿಗೆಗೆ ಎಂದೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳುವ ಮೊದಲು ಕಾಲುಗಳನ್ನು ಊರಿ ಅಲ್ಲಾಡಿಸಿ ನೋಡಿ. ಕೀಲು ಸಡಿಲವಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಬಂಡೆಯ ಮೇಲೆ ಕಾಲು ಪುಟಿಯುತ್ತದೆ, ಆದ್ದರಿಂದ ಅಡಿಗೊಂದು ಗೋಣಿ ಹಾಸಿ. ರೈಫಲ್ಲಿನ ಹಿಂಬದಿಗೂ ಒಂದು ಮರಳಿನ ಚೀಲವಿರಲಿ.

ಪಂದ್ಯಕ್ಕೆ ಹೋಗುವವರು ನಿಯಮ ಮೊದಲು ಕೇಳಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯಲ್ಲಿ ಬೈಪಾಡಿಗೆ ಅವಕಾಶವೇ ಇಲ್ಲ. ಮಂಡಿಯೂರಿ, ಮಲಗಿ ಹೊಡೆಯುವಾಗ ತೋಳಿಗೆ ಸುತ್ತಿದ ಪಟ್ಟಿಯೇ ಆಸರೆ. ಬೈಪಾಡ್ ಬಳಸುವ ಎಫ್-ಟಿಆರ್ ವರ್ಗದಲ್ಲಿ ಅದನ್ನೂ ಸೇರಿಸಿ ರೈಫಲ್ 8.25 ಕಿಲೋ ಮೀರುವಂತಿಲ್ಲ.

ಕಂಪ್ಲಿಯಲ್ಲಿ ನಮಗೆ ಹೆದರಿಕೆ ಹುಟ್ಟಿಸಿದ ಸಂಗತಿ ಒಂದಿತ್ತು. ಕಾಗದದ ಹಿಂದೆ ಕಲ್ಲುಬಂಡೆ. ಒಂದು ಪೆಲೆಟ್ ಅದಕ್ಕೆ ಬಡಿದು, ನಮ್ಮ ಸದಸ್ಯರೊಬ್ಬರ ಕಿವಿಯ ಪಕ್ಕದಲ್ಲೇ ಹಾರಿ ಬಾಳೆಯೆಲೆ ಹರಿಯಿತು. ತಕ್ಷಣ ಗುರಿಯನ್ನು ಮಣ್ಣಿನ ಬದುವಿಗೆ ಬದಲಾಯಿಸಿದೆವು. ಮನೆಯಲ್ಲಿ ಮಕ್ಕಳಿರುವ ಸದಸ್ಯರು ಬೈಪಾಡಿನ ಯೋಚನೆಗಿಂತ ಮೊದಲು ಆ ಬದುವಿನ ಯೋಚನೆ ಮಾಡಬೇಕು.

ಹಂದಿ, ಕರಡಿಗೆ ಆಸರೆ ಕೊಟ್ಟು ಹೊಡೆಯಬಹುದಲ್ಲ ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬರು ಕೇಳಿದರು. ನಾವು ಹಾದು ಬಂದದ್ದು 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಸೀಮೆ. 1972ರ ವನ್ಯಜೀವಿ ಕಾಯ್ದೆಯಡಿ ಅದು ಶಿಕ್ಷೆಯ ಅಪರಾಧ. ಬೆಳೆಹಾನಿಯಾದರೆ ಅರಣ್ಯ ಇಲಾಖೆಗೆ ಅರ್ಜಿ ಬರೆಯಲು ನಮ್ಮ ಕಚೇರಿ ಎಂದಿನಂತೆ ನೆರವಾಗುತ್ತದೆ.

ಬೈಪಾಡ್ ಒಪ್ಪುವ ರೈಫಲ್ ಇರುವ ಸದಸ್ಯರು ಬೆರಳೆಣಿಕೆಯಷ್ಟು; ಅವರು ತಾವೇ ನೋಡಿ ಕೊಳ್ಳಲಿ. ಮಳಿಗೆಯ ಹಣ ಈ ಸಲವೂ ದೋಟಿಗೆ, ಮೈಲುತುತ್ತಕ್ಕೆ.

— ಕಾರ್ಯದರ್ಶಿ