ಆನೆಯ ಬೆಲೆ, ಆನೆಯ ಮೇವು

ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ಮೇಷ್ಟರೊಬ್ಬ ಜರ್ಮನಿಯ ಐಷಾರಾಮಿ ಕಾರನ್ನು ಕೊಳ್ಳಹೊರಟನೆಂದರೆ ಓದುಗರು ನಗಬಹುದು. ನನ್ನ ಮನೆಯಲ್ಲಿಯೂ ನಕ್ಕರು. ಆದರೆ ಹೊಸದಾಗಿದ್ದಾಗ ಅರ್ಧ ಕೋಟಿಗೂ ಮಿಗಿಲಾದ ಸೆಡಾನು ಹನ್ನೊಂದು ವರ್ಷಗಳ ತರುವಾಯ 9 ಲಕ್ಷಕ್ಕೆ, ಎಂದರೆ ಹೊಸ ಸಣ್ಣ ಕಾರೊಂದರ ಬೆಲೆಗೆ, ದೊರೆಯುವುದಾದರೆ ಆಸೆಪಡುವುದು ಅಪರಾಧವೇನೂ ಅಲ್ಲ. ಚಿಕ್ಕಂದಿನಲ್ಲಿ, ಜಾತ್ರೆಗೆ ಬಂದ ಧಣಿಗಳ ಕಾರಿನ ಬಾಗಿಲನ್ನು ಬೆರಳಿನಿಂದ ಮುಟ್ಟಿ ಡ್ರೈವರನಿಂದ ಬೈಸಿಕೊಂಡವನು ನಾನು. ಆ ಬೆರಳಿನ ಆಸೆ ಐವತ್ತು ವರ್ಷ ಹಾಗೆಯೇ ಉಳಿದಿತ್ತು. ಕೈಯಲ್ಲಿದ್ದ 9 ಲಕ್ಷವೋ, ಗ್ರಾಚ್ಯುಟಿಯ ಹಣದ ಬಹುಪಾಲು.

ಇಂತಹ ಕಾರುಗಳನ್ನು ಮುಟ್ಟಲೇಬಾರದೆಂದು ಬುದ್ಧಿ ಹೇಳುವವರು ಬಹಳ ಮಂದಿ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಕೊಳ್ಳಬಹುದು, ಆದರೆ ಇರುವ ಹಣವನ್ನೆಲ್ಲ ಕೊಟ್ಟು ಕೊಳ್ಳಬಾರದು. ಕಾಲ ಕಳೆದಂತೆ ಇಳಿಯುವುದು ಕಾರಿನ ಬೆಲೆಯೇ ಹೊರತು ಅದರ ಬಿಡಿಭಾಗಗಳ ಬೆಲೆಯಲ್ಲ. ಆನೆ ಅಗ್ಗವಾಯಿತೆಂದು ಅದರ ಹೊಟ್ಟೆ ಕುಗ್ಗುವುದುಂಟೆ?

ಬೆಂಗಳೂರಿನ ಹೊರವರ್ತುಲ ರಸ್ತೆಯ ಬದಿಯ ಅಂಗಳವೊಂದರಲ್ಲಿ ನಾನು ಮೆಚ್ಚಿದ ಕಾರು ದೆಹಲಿಯದು, ಡೀಸೆಲಿನದು. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಅಲ್ಲಿ ಓಡಾಡಕೂಡದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ಆಜ್ಞೆ ಮುಂದೆ ಕಂಡ ಏರಿಳಿತಗಳೇನೇ ಇರಲಿ, ಅಲ್ಲಿ ಬೆಲೆ ಕಳೆದುಕೊಂಡ ಕಾರುಗಳು ದಕ್ಷಿಣಕ್ಕೆ ಬಂದವು. ಅನ್ಯರಾಜ್ಯದ ಕಾರನ್ನು ಇಲ್ಲಿ ನೋಂದಾಯಿಸಲು ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿಯ ಆಜೀವ ತೆರಿಗೆಯನ್ನೂ ಕಟ್ಟಬೇಕು. ವಾಹನದ ವಯಸ್ಸಿಗೆ ತಕ್ಕಷ್ಟು ರಿಯಾಯಿತಿ ಉಂಟು, ಸರಿಯೆ; ಆದರೆ ಲೆಕ್ಕ ಹೊರಡುವುದು ನಾವು ಕೊಡುವ 9 ಲಕ್ಷದಿಂದಲ್ಲ, ಅದರ ಮೂಲ ಬೆಲೆಯಿಂದ. ನಾವು ಮರೆಯಬಯಸುವ ಬೆಲೆಯನ್ನು ಸರ್ಕಾರ ಮರೆತಿರುವುದಿಲ್ಲ.

ಇಷ್ಟಾದರೂ ಕಾರನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಪರಿಚಯದ ಮೆಕ್ಯಾನಿಕ್ಕರೊಬ್ಬರು, “ಮೇಷ್ಟ್ರೇ, ಬೆಳಿಗ್ಗೆ ಅವರು ಇಂಜಿನ್ ಶುರುಮಾಡೋದಕ್ಕೆ ಮುಂಚೆಯೇ ಹೋಗಿ ನೋಡೋಣ” ಎಂದರು. ಹೋದೆವು. ರಾತ್ರಿಯೆಲ್ಲ ನಿಂತಿದ್ದ ಕಾರು, ಮುಂಭಾಗದ ಎಡಗಡೆ ಮೊಣಕಾಲೂರಿದ ಒಂಟೆಯಂತೆ ಕುಸಿದು ಕುಳಿತಿತ್ತು. ಇಂತಹ ಕೆಲವು ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳಿರುತ್ತವೆ. ಸವಾರಿಯೇನೋ ತೊಟ್ಟಿಲಿನಂತೆ. ಆದರೆ ವಯಸ್ಸಾದ ರಬ್ಬರು ಬಿರಿದು ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಿ ತುಂಬಿ ಕಂಪ್ರೆಸರೂ ಸುಟ್ಟುಹೋಗುತ್ತದೆ. “ಸ್ಟಾರ್ಟ್ ಮಾಡಿದರೆ ಎದ್ದು ನಿಲ್ಲುತ್ತೆ, ಸಾರ್” ಎಂದರು ಮಾರುವವರು. ನಿಜ, ಎದ್ದು ನಿಂತಿತು. ನನ್ನ ಮೆಕ್ಯಾನಿಕ್ಕರು ನಕ್ಕು, “ಏಳೋದಕ್ಕೇ ದುಡ್ಡು, ಮೇಷ್ಟ್ರೇ” ಎಂದರು. ಆ ಒಂದು ಮೂಲೆಯನ್ನು ಸರಿಪಡಿಸುವುದಕ್ಕೆ ಅವರು ಹೇಳಿದ ಮೊತ್ತದಲ್ಲಿ ಹೊಸ ಸ್ಕೂಟರು ಬರುತ್ತಿತ್ತು. ಮೂಲೆಗಳು ನಾಲ್ಕು!

ಅವರಿಂದ ಇನ್ನೊಂದು ವಿದ್ಯೆಯನ್ನೂ ಕಲಿತೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ ಅದು 2018ರ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಓಡಿದ ಕಿಲೋಮೀಟರನ್ನು ತೋರಿಸುವ ಅಂಕಿಗಳನ್ನು ತಿದ್ದಬಲ್ಲವರು ಪೆಡಲಿನ ಸವೆದ ರಬ್ಬರನ್ನು ಬದಲಿಸಲು ಎಷ್ಟೋ ವೇಳೆ ಮರೆಯುತ್ತಾರಂತೆ. ಪಾಪ, ಸುಳ್ಳಿಗೂ ಇಷ್ಟೊಂದು ಶ್ರದ್ಧೆ ಬೇಕಲ್ಲ!

ಕೊನೆಗೆ ನಾನು ಕೊಂಡದ್ದು ಬೇರೆಯ ಕಾರು. ಅದೂ ಜರ್ಮನಿಯದೇ, ಆದರೆ ಒಂದು ಮೆಟ್ಟಿಲು ಕೆಳಗಿನದು. ಪೆಟ್ರೋಲಿನದು, ಉಕ್ಕಿನ ಸ್ಪ್ರಿಂಗಿನದು. ಮೊದಲಿನಿಂದಲೂ ಕರ್ನಾಟಕದಲ್ಲೇ, ಒಬ್ಬರ ಕೈಯಲ್ಲೇ ಇದ್ದು, ಸರ್ವಿಸಿನ ಚೀಟಿಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದ ಕಾರು. ಬೆಲೆ 6 ಲಕ್ಷ. ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟೆ.

“ರೀ, ಮಿಕ್ಕ ಮೂರು ಲಕ್ಷ ಯಾತಕ್ಕೆ?” ಎಂದು ನನ್ನಾಕೆ ಕೇಳಿದಳು.

“ಅದೂ ಕಾರೇ. ಇನ್ನೂ ಮನೆಗೆ ಬಂದಿಲ್ಲ, ಅಷ್ಟೆ” ಎಂದೆ.

ಒಂದೂವರೆ ವರ್ಷವಾಯಿತು. ಗೇರ್‌ಬಾಕ್ಸಿನ ಎಣ್ಣೆಯ ರೂಪದಲ್ಲಿ, ಬ್ಯಾಟರಿಯ ರೂಪದಲ್ಲಿ, ಅದರಲ್ಲಿ ಅರವತ್ತು ಸಾವಿರದಷ್ಟು ಈಗಾಗಲೇ ಮನೆಗೆ ಬಂದಿದೆ.